ಉಗುರಿನ ಮೇಲೆ ನಿಂತ ಹನಿ

ಯಾರಾದರೂ ಮನೆಗೆ ಬಂದರೆ ನನ್ನ ಕಣ್ಣು ಮೊದಲು ಅವರ ಕೈಗೆ ಹೋಗುತ್ತದೆ, ಆಮೇಲೆ ಮುಖಕ್ಕೆ. ನೀರಿನ ತಂಬಿಗೆ ಕೊಡುವಷ್ಟರಲ್ಲಿ ಹತ್ತೂ ಉಗುರು ನೋಡಿ ಮುಗಿಸಿರುತ್ತೇನೆ. ಎಲ್ಲ ಸರಿ ಇದ್ದರೆ ‘ಶಿವಾ, ನಿನ್ನ ದಯೆ’ ಎಂದುಕೊಂಡು ಚಹಾಕ್ಕೆ ಇಡುತ್ತೇನೆ. ಸರಿ ಇಲ್ಲದಿದ್ದರೆ ಚಹಾ ಕುದಿಯುವವರೆಗೂ ಎದೆ ಹೊಡೆದುಕೊಳ್ಳುತ್ತದೆ: ಹೇಳಲೋ, ಬೇಡವೋ. ಒಮ್ಮೆ ಹೇಳದೆ ಉಳಿದಿದ್ದೆ. ಒಂದು ದಿನವಲ್ಲ, ಎರಡು ದಿನವಲ್ಲ, ಐದು ವಾರ. ಅದನ್ನೇ ಬರೆಯಲು ಕೂತಿದ್ದೇನೆ.

ನನ್ನ ತವರು ದೇವದುರ್ಗ. ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಕ್ಷೌರದವರ ಮನೆಯೊಂದಿತ್ತು. ಗಂಡ ಊರಿನ ಗಂಡಸರ ತಲೆ, ಗಡ್ಡ ನೋಡಿಕೊಳ್ಳುತ್ತಿದ್ದ. ಹೆಂಡತಿ ಮದುವೆ ಮನೆಗಳಿಗೆ ಹೋಗುತ್ತಿದ್ದಳು. ಅರಿಶಿಣ ಹಚ್ಚುವ ಮೊದಲು ಮದುಮಗಳ ಉಗುರು ತೆಗೆಯುವುದು ಆಕೆಯ ಹಕ್ಕು. ಆಕೆ ಬರದೆ ಶಾಸ್ತ್ರ ಮುಂದೆ ಹೋಗುವಂತಿರಲಿಲ್ಲ. ಮಣೆಯ ಮೇಲೆ ಕೂತ ಹುಡುಗಿಯ ಬೆರಳುಗಳನ್ನು ಹಾಲಿನ ಬಟ್ಟಲಲ್ಲಿ ಅದ್ದಿಸಿ, ಮಾವಿನೆಲೆಯಿಂದ ಸವರಿ, ಪುಟ್ಟ ಉಳಿಯಿಂದ ಒಂದೊಂದೇ ಉಗುರು ತೆಗೆದು, ಬಿದ್ದ ಚೂರನ್ನೆಲ್ಲ ಎಲೆಯಲ್ಲಿ ಸುತ್ತಿ ಗಿಡದ ಬುಡದಲ್ಲಿ ಹೂಳುತ್ತಿದ್ದಳು. ನಾನು ಆಕೆಯನ್ನು ನನ್ನ ಸ್ವಂತ ಅಜ್ಜಿಯಂತೆ ‘ಆಯಿ’ ಎನ್ನುತ್ತಿದ್ದೆ. ಏಳೆಂಟು ವರ್ಷದವಳಿದ್ದಾಗಿನಿಂದ ಆಕೆಯ ಸೆರಗು ಹಿಡಿದು ಮದುವೆ ಮನೆಗಳಿಗೆ ಹೋಗುವುದು ನನ್ನ ಹುಚ್ಚು. ಬೇರೆ ಹುಡುಗಿಯರು ಬುಂದಿ ಉಂಡಿಗಾಗಿ ಬರುತ್ತಿದ್ದರು, ನಾನು ಉಗುರಿಗಾಗಿ.

“ಆಯಿ, ನನಗೂ ಕಲಿಸಬೇ.”

“ನಿನಗ್ಯಾಕವ್ವ ಇದು? ನಿಮ್ಮವ್ವ ಬಂದು ನನ್ನ ಜುಟ್ಟ ಹಿಡಿತಾಳ.”

“ನಾ ಹೇಳಂಗಿಲ್ಲ.”

“ನೀ ಹೇಳದಿದ್ರ ಏನಾತು? ನಿನ್ನ ಕೈನ ಹೇಳ್ತಾವ.”

ಆದರೂ ಕಲಿಸಿದಳು. ಬಿಸಿನೀರಿಗೆ ಒಂದು ಹರಳು ಉಪ್ಪು ಹಾಕಿ ಬೆರಳು ನೆನೆಸಬೇಕು. ಉಳಿಯ ಮೊಂಡು ತುದಿಯಿಂದ ಉಗುರಿನ ಬುಡದ ಚರ್ಮವನ್ನು ನೋಯದಂತೆ ಹಿಂದೆ ಸರಿಸಬೇಕು. ಮೂಲೆಗೆ ಬಹಳ ಇಳಿಯಬಾರದು, ಇಳಿದರೆ ಉಗುರುಸುತ್ತು. ಮಂಗಳವಾರ, ಶುಕ್ರವಾರ, ದೀಪ ಹಚ್ಚಿದ ಮೇಲೆ ಮುಟ್ಟಲೇಬಾರದು. ಇದಕ್ಕೆಲ್ಲ ಮುಂಚೆ ಇನ್ನೊಂದಿತ್ತು. ತಂಬಿಗೆಯಲ್ಲಿ ಬೆರಳು ಅದ್ದಿ, ಎದುರಿನವಳ ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಬಿಡುತ್ತಿದ್ದಳು.

“ನೋಡು, ಜಾರಿ ಹೋತಲ್ಲ? ಚಲೋ. ಉಗುರು ಆಮಿ ಬೆನ್ನಿನಂಗ ಇರಬೇಕು. ಹನಿ ಅಲ್ಲೇ ನಿಂತ್ರ ಉಗುರು ತಗ್ಗು ಬಿದ್ದದ ಅಂತ ತಿಳಿ. ತಗ್ಗೂ ಬಿದ್ದು, ಬೆಳ್ಳಗೂ ಆಗಿದ್ರ ಮೈಯಾಗ ರಗತ ಇಲ್ಲ. ಅಂಥಾಕಿ ಉಗುರು ತೆಗದು ಸುಮ್ಮನ ಎದ್ದು ಬರಬಾರದು. ಅಕಿ ಅವ್ವಗ ಹೇಳಿ ಬರಬೇಕು.”

“ಮದಿವಿ ಮನ್ಯಾಗ ಹಂಗಂದ್ರ ಬಯ್ಯಂಗಿಲ್ಲೇನು?”

“ಬಯ್ತಾರ. ಬಯ್ಸಿಕೊಂಡು ಬರೂದೂ ಈ ಕೆಲಸದಾಗ ಬರ್ತದವ್ವ.”

ನಮ್ಮವ್ವನಿಗೆ ಗೊತ್ತಾಗದೆ ಇರಲಿಲ್ಲ. “ಮಂದಿ ಉಗುರು ಮುಟ್ಟಿ ಬಂದು ದೇವರ ಮನಿ ಹೊಸ್ತಿಲ ದಾಟಿ ಗೀಟಿ!” ಎಂದು ಹಿತ್ತಲಲ್ಲೇ ತಡೆದು ತಲೆಯ ಮೇಲೆ ನೀರು ಸುರಿಯುತ್ತಿದ್ದಳು. ಒಂದು ಮದುವೆಯ ಕಾಲದಲ್ಲಿ ಒಂದೇ ದಿನ ಮೂರು ಸಲ ತಲೆಗೆ ನೀರು ಬಿದ್ದು ನೆಗಡಿಯಾಗಿ ಮಲಗಿದ್ದೆ. ಹುಚ್ಚು ಮಾತ್ರ ಬಿಡಲಿಲ್ಲ. ಹದಿನೈದು ತುಂಬುವಷ್ಟರಲ್ಲಿ ನನ್ನ ಗೆಳತಿಯರ ಉಗುರೆಲ್ಲ ನನ್ನ ಕೈಯಲ್ಲೇ. ಗೋರಂಟಿ ಅರೆದು, ಅದು ಚರ್ಮಕ್ಕೆ ಹರಿಯದಂತೆ ಉಗುರಿನ ಸುತ್ತ ಜೋಳದ ಹಿಟ್ಟಿನ ಸಣ್ಣ ಕಟ್ಟೆ ಕಟ್ಟಿ ಹಚ್ಚುತ್ತಿದ್ದೆ. ತೊಳೆದಾಗ ಉಗುರಷ್ಟೇ ಕೆಂಪು, ಸುತ್ತ ಬೆರಳು ಸ್ವಚ್ಛ. ಆ ಗೆರೆ ನೋಡಿದಾಗ ನನಗಾಗುತ್ತಿದ್ದ ಸಂತೋಷವನ್ನು ಯಾರಿಗೂ ಹೇಳಿದ್ದಿಲ್ಲ. ಹೇಳಿದರೆ ನಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಮಾನ್ವಿಗೆ ಬಂದೆ. ನಮ್ಮ ಮನೆಯವರು ಮಾನ್ವಿ–ರಾಯಚೂರು ಬಸ್ಸಿನ ಕಂಡಕ್ಟರ್. ಮನೆಯಲ್ಲಿ ಅತ್ತೆ. ಒಬ್ಬಳೇ ನಾದಿನಿ, ಅವಳನ್ನು ರಾಯಚೂರಿಗೆ ಕೊಡುವ ಮಾತು ನಡೆದಿತ್ತು. ಅತ್ತೆ ಬಹಳ ನೇಮದವರು. ಬೆಳಿಗ್ಗೆ ಲಿಂಗಪೂಜೆ ಆಗದೆ ಹನಿ ನೀರು ಮುಟ್ಟುತ್ತಿರಲಿಲ್ಲ. ನನಗೂ ಪೂಜೆ ಎಂದರೆ ಪ್ರೀತಿಯೇ. ಆ ಒಂದು ವಿಷಯದಲ್ಲಿ ನಮ್ಮಿಬ್ಬರಿಗೆ ಹೊಂದಿಕೆಯಾಯಿತು, ಅದು ಸಣ್ಣ ಪುಣ್ಯವಲ್ಲ.

ಮೊದಲ ಸಲ ಮನೆಯವರ ಬಸ್ಸಿನಲ್ಲಿ ರಾಯಚೂರಿಗೆ ಹೋದಾಗ ತೀನ್ ಕಂದೀಲ್ ಬಜಾರಿನಲ್ಲಿ ಬಳೆ ಅಂಗಡಿಗೆ ಕರೆದೊಯ್ದರು. ಅಂಗಡಿ ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ‘ಆಪಾ’ ಎನ್ನುತ್ತಿದ್ದರು. ಬಳೆ ತೊಡಿಸುತ್ತಾ ಆಕೆಯೂ ನನ್ನ ಉಗುರು ನೋಡಿದರು, ನಾನೂ ಅವರದು ನೋಡಿದೆ. ಬಳೆಗಳ ಹಿಂದೆ ಸಾಲಾಗಿ ಉಗುರು ಬಣ್ಣದ ಪುಟ್ಟ ಬಾಟಲಿಗಳಿದ್ದವು. ಅಂಥವನ್ನು ಅಷ್ಟು ಹತ್ತಿರದಿಂದ ನಾನು ಕಂಡಿರಲಿಲ್ಲ.

“ಅರೆ, ಕೈ ಇಲ್ಲಿ ಕೊಡು ಮಾ,” ಎಂದು ಆಪಾ ಒಂದರ ಮುಚ್ಚಳ ಬಿಚ್ಚಿದರು. “ಮೂರೇ ಗೀಟು. ನಡಕ ಒಂದು, ಆಕಡಿ ಒಂದು, ಈಕಡಿ ಒಂದು. ನಾಕನೇದು ಎಳದಿ ಅಂದ್ರ ಕೆಡ್ತು. ತೆಗೀಬೇಕಂದ್ರ ಪೇಂಟ್ ಅಂಗಡಿ ಥಿನ್ನರ್ ತಗೋ, ಬ್ಲೇಡಿಂದ ಕೆರೀಬ್ಯಾಡ.”

“ನೀವ್ಯಾಕ ಹಚ್ಕೊಂಡಿಲ್ರೀ ಆಪಾ?”

“ನಕ್ಕೋ ಮಾ, ನನಗ ಬ್ಯಾಡ. ದಿನಾ ಐದು ಸಲ ನಮಾಜ್. ಕೈ ತೊಳದ್ರ ನೀರು ಉಗುರಿಗೆ ಮುಟ್ಟಬೇಕು, ಇದು ಮುಟ್ಟಾಕ ಬಿಡಂಗಿಲ್ಲ. ಒಳಗ ಇದ್ದದ್ದೆಲ್ಲ ಮುಚ್ಚಿಬಿಡ್ತದ. ಮಾರೂದು ಇದು, ನನಗ ಮೆಹಂದಿ.”

ಮುಚ್ಚಿಬಿಡುತ್ತದೆ ಎಂದು ಅವರು ಅಂದೇ ಹೇಳಿದ್ದರು. ನನ್ನ ತಲೆಯಲ್ಲಿ ಉಳಿದದ್ದು ಮೂರು ಗೀಟು ಮಾತ್ರ.

ಒಂದು ಕೆಂಪು ಬಾಟಲಿ ಕೊಡಿಸಿಕೊಂಡು ಬಂದೆ. ಹಚ್ಚಲು ಉಗುರು ಯಾರದು? ನನ್ನ ಬಲಗೈಗೆ ಸಿಗುವುದು ನನ್ನ ಎಡಗೈ ಮಾತ್ರ. ಆಗ ಹುಣಸೆ ಬೀಜ ನೆನಪಾಯಿತು. ಬೆನ್ನು ಉಬ್ಬಿದ, ನುಣುಪಾದ, ಉಗುರಿನಷ್ಟೇ ಅಗಲದ ಬೀಜ. ಅತ್ತೆ ಮಧ್ಯಾಹ್ನ ಅಡ್ಡಾದಾಗ ಕಾಳಿನ ಕೋಣೆಯಲ್ಲಿ ಕೂತು ಬೀಜಗಳಿಗೆ ಬಣ್ಣ ಹಚ್ಚುತ್ತಿದ್ದೆ. ಮೂರು ಗೀಟು, ಒಣಗಲು ಬಿಡು, ಮತ್ತೆ ಮೂರು. ಗೀಟು ಕೆಟ್ಟರೆ ಆ ಬೀಜ ತಿಪ್ಪೆಗೆ. ಚೆನ್ನಾಗಿ ಬಂದದ್ದನ್ನು ಒಂದು ಸಣ್ಣ ಗಡಿಗೆಯಲ್ಲಿಟ್ಟು ಜೋಳದ ಚೀಲದ ಹಿಂದೆ ಬಚ್ಚಿಡುತ್ತಿದ್ದೆ.

ಒಂದು ದಿನ ಬಟ್ಟೆ ಒಗೆದು ಬರುವಷ್ಟರಲ್ಲಿ ಒಳಗಿನಿಂದ ಅತ್ತೆಯ ಕೂಗು.

“ಯಪ್ಪೋ! ಯಾರೋ ಮಾಟ ಮಾಡಿಸ್ಯಾರ! ರಗತ ಹಚ್ಚಿದ ಬೀಜ ಇಟ್ಟಾರ ನಮ್ಮ ಮನ್ಯಾಗ!”

ಓಡಿ ಹೋದೆ. ಗಡಿಗೆ ಅಡುಗೆಮನೆಯ ನೆಲದ ಮೇಲಿದೆ, ಸುತ್ತ ವಿಭೂತಿಯ ಗೆರೆ. ಅತ್ತೆ ಇಕ್ಕಳದಿಂದ ಒಂದು ಬೀಜ ಹಿಡಿದು ಒಲೆಗೆ ಎಸೆದರು. ಬಣ್ಣಕ್ಕೆ ಬೆಂಕಿ ತಗುಲಿದ್ದೇ ಭುಗ್ಗೆಂದು ಎದ್ದಿತು, ನಾತ ಮನೆ ತುಂಬಿತು.

“ನೋಡು, ನೋಡು! ದೆವ್ವ ಹ್ಯಾಂಗ ಉರಿಯಾಕತ್ತದ! ಓಡು, ಅಯ್ಯನೋರನ್ನ ಕರಕೊಂಡು ಬಾ!”

ಅಯ್ಯನವರು ಬಂದರೆ ಊರಿಗೆಲ್ಲ ಸುದ್ದಿ. “ಅತ್ತೀ, ಅದು ಮಾಟ ಅಲ್ರೀ. ನಾನ ಮಾಡೀನಿ.”

“ಏನಂದಿ? ಮಾಟ ನೀನ ಮಾಡಿಯೇನು?”

ಈಗ ನಗು ಬರುತ್ತದೆ. ಅಂದು ಕಾಳಿನ ಕೋಣೆಗೆ ಓಡಿದೆ. ಬಾಟಲಿ ತಂದು ತೋರಿಸಿದೆ, ಆಯಿಯ ಹತ್ತಿರ ಕಲಿತದ್ದನ್ನೂ ಹೇಳಿದೆ. ಮಾಟವಲ್ಲ ಎಂದು ತಿಳಿದ ಮೇಲೆ ಅತ್ತೆಯ ಹೆದರಿಕೆ ಹೋಗಿ ಸಿಟ್ಟು ಬಂತು. “ಲಿಂಗ ಹಿಡಿಯೋ ಕೈಯಾಗ ಮಂದಿ ಉಗುರು ಹಿಡಿತಿಯೇನು? ಯಾರ ಕೆಲಸ ಯಾರಿಗೆ ಚೆಂದ!” ಎಂದು ಕೈ ಹಿಡಿದು ದೇವರ ಜಗಲಿಯ ಮುಂದೆ ನಿಲ್ಲಿಸಿದರು. ಇನ್ನು ಮೇಲೆ ಪರರ ಉಗುರು ಮುಟ್ಟುವುದಿಲ್ಲ ಎಂದು ದೇವರ ಮುಂದೆ ಮಾತು ಕೊಟ್ಟೆ. ಕೊಟ್ಟ ಮೇಲೆ ಮುಗಿಯಿತು. ಮೂರು ವರ್ಷ ಮುಟ್ಟಲಿಲ್ಲ. ಹುಣಸೆ ಬೀಜ ಕಂಡರೂ ಮುಖ ತಿರುಗಿಸುತ್ತಿದ್ದೆ.

ಈ ನಡುವೆ ನಾದಿನಿ ಮದುವೆಯಾಗಿ ರಾಯಚೂರಿಗೆ ಹೋದಳು. ಎಂಬತ್ತರ ದಶಕ ಶುರುವಾಗಿತ್ತು. ಚೊಚ್ಚಲು ಬಸಿರು, ಏಳು ತಿಂಗಳಿಗೆ ಕುಬಸ, ಅಂದರೆ ಸೀಮಂತ, ಮಾಡಿಸಿ ಹೆರಿಗೆಗೆ ಇಟ್ಟುಕೊಳ್ಳಲು ತವರಿಗೆ ಕರೆತಂದೆವು. ಬಂದವಳೇ ನನ್ನ ಕೊರಳಿಗೆ ಬಿದ್ದಳು.

“ವೈನಿ, ನಮ್ಮ ಓಣ್ಯಾಗ ಎಲ್ಲಾರೂ ಕುಬಸಕ್ಕ ಉಗುರಿಗೆ ಬಣ್ಣ ಹಚ್ಕೊಂತಾರ. ನೀ ನನಗ ಹಚ್ಚಬೇಕು.”

“ನಾ ಮಾತು ಕೊಟ್ಟೀನವ್ವ.”

ಅವಳು ತನ್ನ ಅವ್ವನ ಮುಂದೆ ಹೋಗಿ ಅತ್ತಳು, ಊಟ ಬಿಟ್ಟಳು. ಬಸುರಿ ಮಗಳು ಉಪವಾಸ ಕೂತರೆ ಯಾವ ತಾಯಿ ತಡೆಯುತ್ತಾಳೆ? ಅತ್ತೆ ಜಗಲಿಗೆ ಒಂದು ಕಾಯಿ ಒಡೆದು ನನ್ನ ಮಾತು ಬಿಡಿಸಿದರು. “ನನ್ನ ಮಗಳಿಗಷ್ಟ. ಒಂದ ಸಲ,” ಎಂದರು. ಆ ಕಾಯಿ ಒಡೆದ ಸಪ್ಪಳಕ್ಕೆ ನನ್ನ ಮೈಯೆಲ್ಲ ಜುಮ್ಮೆಂದಿತು. ಮೂರು ವರ್ಷ ನಾನು ಏನನ್ನು ಬಿಟ್ಟಿದ್ದೆನೋ ಅದು ಆ ಸಪ್ಪಳದಲ್ಲಿ ತಿರುಗಿ ಬಂದಂತಾಯಿತು.

ಕುಬಸದ ಬೆಳಿಗ್ಗೆ, ಮನೆಯವರು ತಂದುಕೊಟ್ಟ ಹೊಸ ಬಾಟಲಿ ಇಟ್ಟುಕೊಂಡು ನಾದಿನಿಯನ್ನು ಪಡಸಾಲೆಯಲ್ಲಿ ಕೂರಿಸಿಕೊಂಡೆ. ಮೊದಲು ಬಿಸಿನೀರಲ್ಲಿ ಬೆರಳು ನೆನೆಸಿ, ಒರೆಸಿ, ಬೆಳಕಿಗೆ ಹಿಡಿದೆ. ಉಗುರು ಬೆಳ್ಳಗಿದ್ದವು. ಸುಲಿದ ಸವತೆಕಾಯಿಯ ಬಿಳುಪು. ಅಂಚು ಮೇಲೆದ್ದು ನಡುವೆ ತಗ್ಗು, ಚಮಚದ ಹಾಗೆ. ನನ್ನ ಒದ್ದೆ ಬೆರಳಿನಿಂದ ಒಂದು ಹನಿ ಅವಳ ಹೆಬ್ಬೆರಳಿನ ಮೇಲೆ ಬಿತ್ತು. ಜಾರಲಿಲ್ಲ. ಅಲ್ಲೇ ಕೂತಿತು.

ತಲೆಯೆತ್ತಿ ಅವಳ ಮುಖ ನೋಡಿದೆ. ದವಡೆಯಲ್ಲಿ ಹಸಿ ಅಕ್ಕಿ ಅಗಿಯುತ್ತಾ ನಗುತ್ತಿದ್ದಳು. ಹೊರಗಿನಿಂದ ಅತ್ತೆಯ ದನಿ: “ಆತೇನು? ಮುತ್ತೈದೇರು ಬರಾಕತ್ಯಾರ!”

ಹೇಳಬೇಕಿತ್ತು. ಆದರೆ ಹಸಿರು ಬಳೆ ತೊಡಿಸುವ ದಿನ, ಉಡಿ ತುಂಬುವ ದಿನ, ‘ನಿಮ್ಮ ಮಗಳ ಮೈಯಲ್ಲಿ ರಕ್ತ ಇಲ್ಲ’ ಎನ್ನಲೇ? ಸೊಸೆ ಉಗುರು ಮುಟ್ಟಿ ಅಪಶಕುನ ನುಡಿದಳು ಎನ್ನುವುದಿಲ್ಲವೇ? ಇದು ನಾನು ಆಗ ನನಗೇ ಕೊಟ್ಟುಕೊಂಡ ನೆವ. ಅದರ ಕೆಳಗೆ ಇನ್ನೊಂದು ಇತ್ತು, ಅದನ್ನೂ ಬರೆಯುತ್ತೇನೆ. ಹೇಳಿದರೆ ಬಾಟಲಿ ಮತ್ತೆ ಮುಚ್ಚಬೇಕಾಗುತ್ತಿತ್ತು.

ಹನಿಯನ್ನು ಸೆರಗಿನಿಂದ ಒರೆಸಿದೆ. ತಗ್ಗಿನಲ್ಲಿ ಒಂದು ತೊಟ್ಟು ಬಣ್ಣ ಬಿಟ್ಟೆ, ಒಣಗಲು ಕಾದೆ, ಇನ್ನೊಂದು ಬಿಟ್ಟೆ. ಉಗುರು ಆಮೆಯ ಬೆನ್ನಿನಂತೆ ಉಬ್ಬುವವರೆಗೆ ತುಂಬಿದೆ. ಆಮೇಲೆ ಮೂರು ಗೀಟು. ಅಷ್ಟು ಚೆಂದದ ಕೆಲಸ ನಾನು ಅಲ್ಲಿಯವರೆಗೆ ಮಾಡಿರಲಿಲ್ಲ.

“ಏನ್ ಉಗುರಬೇ ಇವು! ದಾಳಿಂಬ್ರಿ ಬೀಜ ಇದ್ದಂಗ ಅದಾವ!” ಎಂದು ಬಂದ ಹೆಂಗಸರು ಅವಳ ಕೈ ಹಿಡಿದು ಹಿಡಿದು ನೋಡಿದರು. ಅತ್ತೆ ಮೇಲೆ ಏನೂ ಅನ್ನದಿದ್ದರೂ ಹಿಗ್ಗಿದ್ದು ನನಗೆ ಕಂಡಿತು. ಮುಂದಿನ ವಾರ ಇಬ್ಬರು ತಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದರು. ಅತ್ತೆಯೇ ಚಾಪೆ ಹಾಸಿ, “ಹಚ್ಚು, ಪಾಪ, ಬಂದಾರ,” ಎಂದರು. ‘ಒಂದೇ ಸಲ’ ಎಂಬುದು ಮರೆತೇ ಹೋಯಿತು. ನಾನು ಬೇಡಿಕೊಂಡದ್ದೆಲ್ಲ ಸಿಕ್ಕಿತ್ತು. ಆದರೆ ಯಾರ ಬೆರಳು ಹಿಡಿದರೂ ಕಣ್ಣ ಮುಂದೆ ನಾದಿನಿಯ ಹೆಬ್ಬೆರಳು.

ಅವಳನ್ನು ಕಾಯುವುದೇ ನನ್ನ ಕೆಲಸವಾಯಿತು. ಹಿತ್ತಲಿನ ಮೂರು ಮೆಟ್ಟಿಲು ಹತ್ತಿ ಬಂದರೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ಗೋಡೆಯ ಮಣ್ಣು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

“ಎದಿ ಹೊಡ್ಕೊಂತದೇನು?” ಎಂದು ಕೇಳಿದೆ.

“ಬಸರ ಇದ್ದೀನಿ ವೈನಿ, ಹೊಡ್ಕೊಳ್ಳದ ಮತ್ತೇನು ಮಾಡ್ತದ?”

“ಮಣ್ಣು ತಿನ್ನಾಕತ್ಯಾಳಲ್ರೀ ಅತ್ತೀ,” ಎಂದೆ ಒಮ್ಮೆ, ಮಾತು ತೆಗೆಯಬಹುದೇನೋ ಎಂದು.

“ತಿನ್ಲಿ ಬಿಡು, ಬಯಕಿ. ನಾ ಇಕಿನ್ನ ಹಡಿಯೂ ಮುಂದ ಅರ್ಧ ಗೋಡಿನ ತಿಂದೀನಿ!” ಎಂದು ಅತ್ತೆ ನಕ್ಕರು. ಅವಳೂ ನಕ್ಕಳು. ನಾನೂ ನಕ್ಕೆ, ಮಾತು ಅಲ್ಲಿಗೇ ಮುಗಿಯಿತು.

ಶೇಂಗಾ, ಬೆಲ್ಲ ಕುಟ್ಟಿ ಉಂಡೆ ಕಟ್ಟಿ ತಿನ್ನಿಸಿದೆ. ಮೆಂತ್ಯ, ರಾಜಗಿರಿ ಎಂದು ದಿನಾ ಸೊಪ್ಪಿನ ಪಲ್ಯ ಮಾಡಿದೆ. ಸೋಮವಾರ ಉಪವಾಸ ಹಿಡಿದೆ. ‘ಶಿವಾ, ಇಕಿ ಸುಸೂತ್ರ ಹಡಿಲಿ’ ಎಂದು ಲಿಂಗಕ್ಕೆ ನೀರೆರೆಯುವಾಗ ಆ ನೀರು ಜಾರುವುದನ್ನೇ ನೋಡುತ್ತಿದ್ದೆ. ದೇವರಿಗೆ ದಿನಾ ಹೇಳುತ್ತಿದ್ದೆ. ದೇವರಿಗೆ ಹೇಳುವುದು ಸುಲಭ, ಅವನು ‘ಯಾವಾಗ ಗೊತ್ತಾಯಿತು’ ಎಂದು ಕೇಳುವುದಿಲ್ಲ. ವಾರಕ್ಕೊಮ್ಮೆ ಅವಳ ಉಗುರಿನ ಬಣ್ಣ ಚಕ್ಕೆ ಏಳುತ್ತಿತ್ತು. ಕೆಳಗಿನ ಬಿಳುಪು ಯಾರಿಗೂ ಕಾಣುವ ಮುಂಚೆ ಥಿನ್ನರಿನಿಂದ ಒರೆಸಿ ಹೊಸದು ಹಚ್ಚುತ್ತಿದ್ದೆ. ಪ್ರತಿ ಸಲವೂ ತಗ್ಗು ತುಂಬಲು ಒಂದು ತೊಟ್ಟು ಹೆಚ್ಚಿಗೆ ಬೇಕಾಗುತ್ತಿದೆ ಎನಿಸುತ್ತಿತ್ತು. ಅದು ನಿಜವೋ ನನ್ನ ಹೆದರಿಕೆಯೋ, ಈಗಲೂ ಹೇಳಲಾರೆ.

ಐದನೆಯ ವಾರ ತವರಿಗೆ ಹೋಗಿ ಬರುತ್ತೇನೆಂದು ದೇವದುರ್ಗದ ಬಸ್ಸು ಹತ್ತಿದೆ. ಅವ್ವನ ಮನೆಗೆ ಕಾಲಿಡುವ ಮೊದಲೇ ಹಿಂದಿನ ಓಣಿಗೆ ಹೋದೆ. ಆಯಿಗೆ ಆಗ ಕಣ್ಣು ಕಾಣುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದವಳ ಕೈಯಲ್ಲಿ ನನ್ನ ಕೈ ಇಟ್ಟೆ. ಹೆಬ್ಬೆರಳಿನಿಂದ ನನ್ನ ಉಗುರುಗಳನ್ನು ಒಂದೊಂದಾಗಿ ಸವರಿ, ಹೆಸರು ಹೇಳದೆಯೇ ನನ್ನನ್ನು ಗುರುತು ಹಿಡಿದಳು.

“ನಿನ್ನವು ಚಲೋ ಅದಾವ. ಮತ್ಯಾರ ಸಲುವಾಗಿ ಬಂದಿ?”

ಎಲ್ಲ ಹೇಳಿದೆ. ಆಯಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

“ಎಷ್ಟು ತಿಂಗಳು?”

“ಎಂಟು ಮುಗಿಯಾಕ ಬಂದದ.”

“ಬಣ್ಣ ಹಚ್ಚಿದಾಕಿ?”

“ನಾನ.”

ಆಯಿ ನನ್ನ ಕೈ ಬಿಟ್ಟಳು. “ಅಕಿ ಅವ್ವ ಇರೂದು ಮಾನ್ವ್ಯಾಗ. ನೀ ದೇವದುರ್ಗಕ್ಕ ಬಂದು ನನಗ ಹೇಳಿದ್ರ ಅಕಿ ಮೈಯಾಗ ರಗತ ಬರ್ತದೇನು? ಏಳು. ನಿಮ್ಮವ್ವನ ಮನ್ಯಾಗ ಉಣ್ಣಾಕ ಕೂಡಬ್ಯಾಡ. ಬಂದ ಬಸ್ಸಿಗೇ ಹೋಗು.”

ಅವ್ವನ ಮುಖವನ್ನೂ ನೋಡದೆ ತಿರುಗಿದೆ. ಸಿರವಾರದಲ್ಲಿ ಬಸ್ಸು ಚಹಾಕ್ಕೆಂದು ನಿಂತಿತು. ಡ್ರೈವರ್ ಇಳಿದು ಯಾರೊಡನೆಯೋ ನಗುತ್ತಾ ನಿಂತಿದ್ದ. ಕೆಳಗಿಳಿದು ಅವನ ಕಾಲು ಹಿಡಿಯಲೇ ಎನಿಸಿತ್ತು. ನಾನು ಹೋಗುವಷ್ಟರಲ್ಲೇ ಏನಾದರೂ ಆಗಿದ್ದರೆ? ಐದು ವಾರ ಸುಮ್ಮನಿದ್ದವಳಿಗೆ ಅರ್ಧ ತಾಸು ತಡೆಯಲಾಗಲಿಲ್ಲ. ಮನೆ ಮುಟ್ಟಿದಾಗ ನಾದಿನಿ ಕಟ್ಟೆಯ ಮೇಲೆ ಕೂತು ಅಕ್ಕಿ ಅಗಿಯುತ್ತಿದ್ದಳು. ಅವಳನ್ನು ಕಂಡದ್ದೇ ದೊಡ್ಡ ದಯೆ ಅನಿಸಿತು.

ಮರುದಿನ ಸೋಮವಾರ. ಅತ್ತೆ ಪೂಜೆ ಮುಗಿಸಿ ಎದ್ದಾಗ ನಾನು ನಾದಿನಿಯನ್ನು ಜಗಲಿಯ ಮುಂದೆ ಕೂರಿಸಿ, ಬಟ್ಟೆಗೆ ಥಿನ್ನರ್ ಹಾಕಿ ಅವಳ ಉಗುರು ಒರೆಸುತ್ತಿದ್ದೆ.

“ಏನಬೇ, ದೇವರ ಮುಂದ ಈ ನಾತ? ಬ್ಯಾರೆ ಜಾಗ ಇರಲಿಲ್ಲೇನು?”

“ಅತ್ತೀ, ಒಂದು ಗಳಗಿ ಇಲ್ಲಿ ಕೂಡ್ರಿ.”

ಗಿಂಡಿಯ ನೀರಿನಲ್ಲಿ ಬೆರಳು ಅದ್ದಿ ನನ್ನ ಹೆಬ್ಬೆರಳ ಮೇಲೆ ಒಂದು ಹನಿ ಬಿಟ್ಟೆ. ಜಾರಿತು. ಅತ್ತೆಯ ಕೈ ಹಿಡಿದು ಅವರ ಉಗುರಿನ ಮೇಲೆ ಬಿಟ್ಟೆ. ಜಾರಿತು. ನಾದಿನಿಯ ಉಗುರಿನ ಮೇಲೆ ಬಿಟ್ಟೆ. ನಿಂತಿತು. ಅವಳು ಕೈ ಅಲ್ಲಾಡಿಸಿದರೂ ಹನಿ ಹೊರಳಾಡಿತೇ ಹೊರತು ಬೀಳಲಿಲ್ಲ.

“ಇದೇನು ಆಟ?” ಎಂದರು ಅತ್ತೆ. ದನಿಯಲ್ಲಿ ಆಟವಿರಲಿಲ್ಲ. ಕುಬಸದ ನಂತರ ಮಗಳ ಉಗುರನ್ನು ಬಣ್ಣವಿಲ್ಲದೆ ಅವರು ಅಂದೇ ಮೊದಲು ನೋಡುತ್ತಿದ್ದರು.

“ಮೈಯಾಗ ರಗತ ಇಲ್ರೀ. ಇವತ್ತ ರಾಯಚೂರಿಗೆ ಕರಕೊಂಡು ಹೋಗಬೇಕು.”

“ಯಾವಾಗ ಗೊತ್ತಾತು ನಿನಗ?”

“ಕುಬಸದ ದಿನ.”

ನಾದಿನಿ ಕೈ ಹಿಂದೆಳೆದುಕೊಂಡಳು. ಅತ್ತೆ ನನ್ನನ್ನು ಹೊಡೆಯಬಹುದು ಎಂದುಕೊಂಡೆ. ಹೊಡೆದಿದ್ದರೆ ಹಗುರವಾಗುತ್ತಿತ್ತು. ಅವರು ಎದ್ದು, ಗೂಟದಲ್ಲಿದ್ದ ಮಗಳ ಸೀರೆ ಗಂಟು ಕಟ್ಟತೊಡಗಿದರು.

ಮನೆಯವರ ಹತ್ತು ಗಂಟೆಯ ಬಸ್ಸಿನಲ್ಲೇ ಹೊರಟೆವು. ನಮ್ಮಿಬ್ಬರ ನಡುವೆ ನಾದಿನಿ. ದಾರಿಯಲ್ಲಿ ಕುರ್ಡಿ ಕಡೆಯ ಹೆಂಗಸರು ಹತ್ತಿ, “ಹೆರಿಗಿಗೇನಬೇ?” ಎಂದು ಕೇಳಿದರು. ಅತ್ತೆ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿದ್ದರು. ಒಂದೇ ಸಲ, ಯಾರಿಗೆಂದು ಹೇಳದೆ, “ಐದು ವಾರ,” ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಾದಿನಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ನಾಲಿಗೆ ಚಾಚಿಸಿದರು, ಹೆಬ್ಬೆರಳ ಉಗುರು ಒತ್ತಿ ಬಿಟ್ಟು ನೋಡಿದರು. ಒತ್ತಿದಲ್ಲಿಗೆ ಕೆಂಪು ತಿರುಗಿ ಬರಲಿಲ್ಲ, ಬರಲು ಕೆಂಪೇ ಇರಲಿಲ್ಲ. ಸೂಜಿ ಚುಚ್ಚಿ ರಕ್ತ ತೆಗೆಸಿದರು. ಚೀಟಿ ಬಂದ ಮೇಲೆ ಅವರ ಮುಖ ಬಿಗಿಯಿತು.

“ಭಾಳ ಕಡಿಮಿ ಅದ. ನೋವು ಸುರುವಾದ ಮ್ಯಾಲ ಹಿಂಗ ಕರಕೊಂಡು ಬಂದಿದ್ರ ನಮ್ಮ ಕೈಯಾಗ ಏನಿರತಿತ್ತು? ಯಾರು ಗುರ್ತು ಹಿಡದ್ರಿ ಇದನ್ನ?”

ಅತ್ತೆ ನನ್ನ ಕಡೆ ನೋಡಲಿಲ್ಲ. “ನಮ್ಮ ಸೊಸಿರಿ,” ಎಂದರು.

ಯಾವಾಗ ಎಂದು ಡಾಕ್ಟರಮ್ಮ ಕೇಳಲಿಲ್ಲ. ಅತ್ತೆ ಹೇಳಲಿಲ್ಲ.

ಅಂದೇ ಸೇರಿಸಿಕೊಂಡರು. ಮೊದಲ ಬಾಟಲಿ ರಕ್ತ ಮನೆಯವರು ಕೊಟ್ಟರು, ಎರಡನೆಯದು ನಾದಿನಿಯ ಗಂಡ. ಬಾಟಲಿಯಿಂದ ಹನಿ ಹನಿಯಾಗಿ ಇಳಿಯುವುದನ್ನು ನೋಡುತ್ತಾ ಅವಳ ಮಂಚದ ಕಾಲ ಬಳಿ ಕೂತಿದ್ದೆ. ಪ್ರತಿ ಹನಿಗೂ ‘ಓಂ ನಮಃ ಶಿವಾಯ’. ಎಷ್ಟು ಹೇಳಿದೆನೋ ಲೆಕ್ಕವಿಲ್ಲ. ಅತ್ತೆಗೆ ಒಂದು ಲೋಟ ನೀರು ಕೊಟ್ಟೆ, ತೆಗೆದುಕೊಳ್ಳಲಿಲ್ಲ. ಹೆರಿಗೆಯಾಗುವವರೆಗೆ ರಾಯಚೂರಿನಲ್ಲೇ ಉಳಿಯಬೇಕೆಂದು ಡಾಕ್ಟರಮ್ಮ ಹೇಳಿದರು. ಅಷ್ಟೂ ದಿನ ನಾನು ಬೆಳಿಗ್ಗೆ ಎದ್ದು ದೇವರಿಗಿಂತ ಮುಂಚೆ ಅವಳ ಉಗುರು ನೋಡುತ್ತಿದ್ದೆ. ತಪ್ಪೋ ಸರಿಯೋ, ಶಿವನೇ ಬಲ್ಲ.

ಹೆರಿಗೆಯ ದಿನ ಬಹಳ ರಕ್ತ ಹೋಯಿತು. ಒಳಗೆ ಓಡಾಡುವ ನರ್ಸುಗಳ ಚಪ್ಪಲಿ ಸಪ್ಪಳ ಕೇಳುತ್ತಾ ಅತ್ತೆ ವರಾಂಡದ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಇನ್ನೊಂದು ಬಾಟಲಿ ಒಳಗೆ ಹೋಯಿತು. ಕೊನೆಗೆ ಡಾಕ್ಟರಮ್ಮ ಹೊರಬಂದು, “ತಾಯಿ ಉಳದಾಳ. ಹೆಣ್ಣು ಕೂಸು, ಸಣ್ಣದದ, ಜೋಪಾನ,” ಎಂದರು. ‘ಆ ರಕ್ತ ಮೊದಲೇ ಹಾಕಿರದಿದ್ದರೆ’ ಎಂದು ಏನೋ ಹೇಳಹೊರಟು ಅಷ್ಟಕ್ಕೇ ಬಿಟ್ಟರು. ಕೂಸಿನ ಮುಷ್ಟಿ ಬಿಡಿಸಿ ನೋಡಿದೆ. ಈರುಳ್ಳಿ ಪೊರೆಯಂಥ ಉಗುರು, ಒಳಗೆ ನಸುಗೆಂಪು. ಅಲ್ಲೇ ನೆಲಕ್ಕೆ ಹಣೆ ಹಚ್ಚಿದೆ.

ಮಾನ್ವಿಗೆ ಬಂದ ಮೇಲೆ ಬಾಟಲಿಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ. ಯಾರೂ ಹೇಳಿರಲಿಲ್ಲ, ನಾನೇ ಹಾಕಿದೆ. ಬಂದ ಹೆಂಗಸರಿಗೆ ಕೈ ನೋವು ಎಂದೆ. ನಾದಿನಿ ನನ್ನನ್ನು ಬಾಣಂತನದಲ್ಲೇ ಕ್ಷಮಿಸಿಬಿಟ್ಟಳು. “ಬಣ್ಣ ಹಚ್ಚು ಅಂತ ಅತ್ತಾಕಿ ನಾನ ಅಲ್ಲೇನು ವೈನಿ,” ಎಂದಳು. ಅತ್ತೆ ಮಾತ್ರ ಅನ್ನ ಹಾಕು, ನೀರು ತಾ ಎಂಬುದಕ್ಕಿಂತ ಹೆಚ್ಚು ಆಡಲಿಲ್ಲ. ಅವರ ಮೌನ ನನಗೆ ಸಲ್ಲಬೇಕಾದದ್ದೇ ಎಂದು ಸುಮ್ಮನಿದ್ದೆ. ಆದರೆ ಮಧ್ಯಾಹ್ನ ಹುಣಸೆಹಣ್ಣು ಬಿಡಿಸುವಾಗ ಬೀಜ ಕೈಗೆ ಸಿಕ್ಕರೆ ಹೆಬ್ಬೆರಳು ತಾನಾಗಿ ಅದರ ಬೆನ್ನು ಸವರುತ್ತಿತ್ತು.

ಹೀಗೆ ಒಂದು ವರ್ಷವೇ ಕಳೆದಿರಬೇಕು. ಒಂದು ಗುರುವಾರ ಓಣಿಯ ತುದಿಯ ಮನೆಯಾಕೆ ಮಗಳನ್ನು ಕರೆತಂದರು. ನಾಲ್ಕು ದಿನಕ್ಕೆ ಅವಳ ಮದುವೆ.

“ನಿಮ್ಮ ಕೈಲೇ ಹಚ್ಚಿಸಿಕೊಳ್ಳಬೇಕಂತ ಹಟ ಹಿಡದಾಳ್ರೀ.”

“ನಾ ಬಿಟ್ಟೀನ್ರೀ ಅಕ್ಕಾ. ಈಗ ಆಗೂದಿಲ್ಲ,” ಎಂದೆ.

ಒಳಗೆ ಏನೋ ಸರಿದ ಸಪ್ಪಳ. ಅತ್ತೆ ಅಟ್ಟದ ಗಂಟು ಇಳಿಸಿಕೊಂಡು, ಇನ್ನೊಂದು ಕೈಯಲ್ಲಿ ನೀರಿನ ಗಿಂಡಿ ಹಿಡಿದು ಬಂದರು. ಎರಡನ್ನೂ ನನ್ನ ಮುಂದೆ ಇಟ್ಟರು.

“ಮೊದಲ ಹನಿ ಬಿಡು,” ಎಂದರು. ಆಮೇಲೆ ಮದುಮಗಳ ತಾಯಿಯ ಕಡೆ ತಿರುಗಿ, “ನೋಡ್ರೀ, ಇಕಿ ಏನರ ಹೇಳಿದ್ರ ನೀವು ಬ್ಯಾಸರ ಮಾಡ್ಕೋಬಾರದು. ಹೇಳದಿದ್ರ ನಾ ಬ್ಯಾಸರ ಮಾಡ್ಕೊಂತೀನಿ.”

ಆ ತಾಯಿಗೆ ಏನೂ ತಿಳಿಯಲಿಲ್ಲ. ಹುಡುಗಿ ಕೈ ಚಾಚಿದಳು. ನನ್ನ ಬೆರಳು ನೀರಿನಲ್ಲೇ ಒಂದಿಷ್ಟು ಹೊತ್ತು ಉಳಿಯಿತು. ಎತ್ತಿ ಅವಳ ಹೆಬ್ಬೆರಳ ಮೇಲೆ ಹಿಡಿದೆ. ಹನಿ ಬಿತ್ತು. ಅತ್ತೆ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು, ಅವರ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ಹನಿ ಒಂದು ಕ್ಷಣ ನಡುಗಿ, ಉಗುರಿನ ಬೆನ್ನಿನಿಂದ ಜಾರಿ ಚಾಪೆಯ ಮೇಲೆ ಬಿತ್ತು.

“ಹಾಂ,” ಎಂದರು ಅತ್ತೆ. “ಈಗ ಹಚ್ಚು.”